ಕಾರಿನ ಕೆಲಸಕ್ಕೆ ಯಾವ ಸಾಕೆಟ್ ಮೊದಲು ಕೊಳ್ಳಬೇಕು: ನನ್ನ ಅನುಭವ

10, 12, 14, 17, 19. ಇವು ಸಾಕೆಟ್ಟಿನ, ಅಂದರೆ ನಟ್ಟು-ಬೋಲ್ಟಿನ ತಲೆಯ ಮೇಲೆ ಕೂರಿಸಿ ತಿರುಗಿಸುವ ಉಕ್ಕಿನ ಬಟ್ಟಲಿನ ಸೈಜುಗಳು, ಮಿಲಿಮೀಟರಿನಲ್ಲಿ. ದಾವಣಗೆರೆಯಲ್ಲಿ ನಮ್ಮ ಶೆಡ್ಡಿಗೆ ಬರುವುದು ಹೆಚ್ಚಾಗಿ ಮಾರುತಿ, ಹುಂಡೈ, ಟೊಯೋಟ. ಹಾಗಾಗಿ ಈ ಐದು ಸಾಕೆಟ್ ಒಳ್ಳೆಯವಿದ್ದರೆ ದಿನದ ಕೆಲಸದ ಬಹುಪಾಲು ಮುಗಿಯುತ್ತದೆ. ಹೊಸದಾಗಿ ಟೂಲ್ಸ್ ಕೊಳ್ಳುವವರು ಮಾತ್ರ ಹತ್ತಾರು ಪೀಸಿನ ದೊಡ್ಡ ಡಬ್ಬಿ ನೋಡಿ ಮರುಳಾಗುತ್ತಾರೆ. ಡಬ್ಬಿಯಲ್ಲಿ 20, 23, 25, 26 ಎಲ್ಲ ವರ್ಷಗಟ್ಟಲೆ ಹೊಳೆಯುತ್ತಾ ಕೂತಿರುತ್ತವೆ. ಗ್ರೀಸು ಮೆತ್ತಿಕೊಂಡು ಕಪ್ಪಾಗುವುದು ಮೇಲಿನ ಐದು, ಜೊತೆಗೆ ಇನ್ನೊಂದು ನಾಲ್ಕೈದು.

ಯಾವುದು ಹೆಚ್ಚು ಬಳಕೆಯಾಗುತ್ತದೆ ಅಂತ ಅಂದಾಜಿನಲ್ಲಿ ಹೇಳುವ ಬದಲು ನಾನು ಮಾಡಿದ್ದು ಸುಲಭದ ಕೆಲಸ. ಸಾಕೆಟ್ ಟ್ರೇಯಲ್ಲಿ ಪ್ರತಿ ಗುಂಡಿಯ ಕೆಳಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಒಂದು ಗಾಡಿಗೆ ಆ ಸಾಕೆಟ್ ತೆಗೆದರೆ ಒಂದು ಗೆರೆ. ಒಂದೇ ಗಾಡಿಗೆ ಹತ್ತು ಸಲ ತೆಗೆದರೂ ಗೆರೆ ಒಂದೇ. ಇಲ್ಲದಿದ್ದರೆ ಒಂದು ಕ್ಲಚ್ ಕೆಲಸವೇ ಲೆಕ್ಕವನ್ನೆಲ್ಲ ಎಳೆದುಕೊಂಡು ಹೋಗುತ್ತದೆ. ಟೇಪ್ ತುಂಬುವ ಹೊತ್ತಿಗೆ ಚಿತ್ರ ಸ್ಪಷ್ಟವಾಗಿತ್ತು: 10 ಎಲ್ಲಕ್ಕಿಂತ ಮುಂದೆ, ಅದರ ಹಿಂದೆ 12 ಮತ್ತು 14, ಆಮೇಲೆ 17, 19. ಇವುಗಳ ಬೆನ್ನಿಗೆ 8, 13, 21. ಒಂದೂ ಗೆರೆ ಬೀಳದ ಗುಂಡಿಗಳೂ ಇದ್ದವು. ನಿಮ್ಮಲ್ಲಿ ಬರುವ ಗಾಡಿಗಳು ಬೇರೆಯಾದರೆ ಗೆರೆಗಳೂ ಬೇರೆ ಕಡೆ ಬೀಳುತ್ತವೆ, ಅದಕ್ಕೇ ಈ ಲೆಕ್ಕ ಅವರವರೇ ಮಾಡಿಕೊಳ್ಳಬೇಕು.

ಹೀಗೇಕೆ ಅನ್ನುವುದಕ್ಕೆ ಕಾರಣ ಬೋಲ್ಟಿನ ತಲೆಯಲ್ಲಿದೆ. ಥ್ರೆಡ್ಡಿನ ದಪ್ಪ ಒಂದೇ ಆದರೂ ತಲೆಯ ಅಳತೆ ದೇಶಕ್ಕೊಂದು. ಎಂ6, ಅಂದರೆ ಥ್ರೆಡ್ಡಿನ ದಪ್ಪ 6 ಮಿಲಿಮೀಟರ್ ಇರುವ ಬೋಲ್ಟಿಗೆ ಎಲ್ಲರೂ 10 ಇಡುತ್ತಾರೆ. ಎಂ8ಕ್ಕೆ ಬಂದಾಗ ಜಪಾನಿನವರು 12, ಜರ್ಮನಿಯವರು 13. ಎಂ10ಕ್ಕೆ ಜಪಾನಿನ ಅಳತೆ 14, ಹಳೆಯ ಜರ್ಮನ್ ಅಳತೆ 17, ಈಗಿನ ಐಎಸ್‌ಒ (ಅಂತರರಾಷ್ಟ್ರೀಯ) ಅಳತೆ 16. ಎಂ12ಕ್ಕೆ ಅದೇ ಸಾಲಿನಲ್ಲಿ 17, 19, 18. ಸುಜುಕಿಯ ಮಾರುತಿಯಲ್ಲಿ 10-12-14-17 ನಡೆಯುವುದು ಇದಕ್ಕೇ. ಟಾಟಾ ಕಂಪನಿ 1954ರಿಂದ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಮಾಡಿದ್ದು, ಅದರ ಗಾಡಿಗಳಲ್ಲಿ 10-13-17-19 ಹೆಚ್ಚು. ಪೋಲೊ, ಸ್ಕೋಡ ಬಂದರೆ 13, 16, 18 ಬೇಕು, ಜೊತೆಗೆ ನಕ್ಷತ್ರದ ಆಕಾರದ ಟಾರ್ಕ್ಸ್ ಬಿಟ್ಟುಗಳು. ಪೋಲೊ ಮುಂದಿನ ಬ್ರೇಕ್ ಕ್ಯಾಲಿಪರ್ ಪಿನ್ನಿಗೆ 7ರ ಅಲೆನ್ (ಆರು ಮೂಲೆಯ ಕಡ್ಡಿ ಕೀ) ಬೇಕು, ಮಾಮೂಲಿ ಅಲೆನ್ ಸೆಟ್ಟುಗಳಲ್ಲಿ 6 ಆದಮೇಲೆ ನೇರ 8ಕ್ಕೆ ಹಾರಿರುತ್ತಾರೆ. ಪ್ಯಾಡ್ ಬದಲಿಸಲು ಚಕ್ರ ಬಿಚ್ಚಿ ಕೂತ ಮೇಲೆ ಇದು ಗೊತ್ತಾದರೆ ಆವತ್ತಿನ ಕೆಲಸ ಅಲ್ಲಿಗೇ ನಿಂತಂತೆ.

ಹಾಗಾಗಿ 12-13ರ ಗೊಂದಲವೇ ಅತಿ ದುಬಾರಿ ಗೊಂದಲ. 12ರ ತಲೆಗೆ 13ರ ಸಾಕೆಟ್ ಕೂರುತ್ತದೆ, ಸ್ವಲ್ಪ ತಿರುಗಿದ ಹಾಗೂ ಅನಿಸುತ್ತದೆ, ಆಮೇಲೆ ಮೂಲೆ ಸವೆದು ತಲೆ ಗುಂಡಗಾಗುತ್ತದೆ. ಸಾಕೆಟ್ ಕೂರಿಸಿದ ಮೇಲೆ ಬೆರಳಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಆಡಿಸಿ ನೋಡಬೇಕು. ಕಣ್ಣಿಗೆ ಕಾಣುವಷ್ಟು ಆಡಿದರೆ ಅದು ಆ ಬೋಲ್ಟಿನದಲ್ಲ.

ಯಾವ ಸೈಜು ಎಲ್ಲೆಲ್ಲಿ ಅಂತ ಸ್ಥೂಲವಾಗಿ ಹೇಳುವುದಾದರೆ: ಬ್ಯಾಟರಿ ಟರ್ಮಿನಲ್, ವಾಲ್ವ್ ಕವರ್, ಸೆನ್ಸರ್ ಬ್ರಾಕೆಟ್, ಬಂಪರ್ ಎಲ್ಲ 10. ಹೋಸ್ ಕ್ಲಿಪ್ಪಿಗೆ 7 ಅಥವಾ 8. ಸ್ಕ್ರೂಡ್ರೈವರಿಗಿಂತ ಇದು ನೂರು ಪಾಲು ಮೇಲು, ಜಾರಿ ಕೈ ಕೊಯ್ಯುವುದಿಲ್ಲ. ಆಲ್ಟರ್ನೇಟರ್, ಕ್ಯಾಲಿಪರ್ ಪಿನ್ ಬೋಲ್ಟು ಸಾಮಾನ್ಯವಾಗಿ 12 ಅಥವಾ 14, ಕ್ಯಾಲಿಪರ್ ಬ್ರಾಕೆಟ್ಟು 17. ಇನ್ನೋವಾ ಆಯಿಲ್ ಡ್ರೈನ್ 14, ಹುಂಡೈ ಪೆಟ್ರೋಲ್ ಗಾಡಿಗಳದ್ದು 17. ವೀಲ್ ನಟ್ಟು ಮಾರುತಿ, ಹೋಂಡಾ 19. ಹುಂಡೈ, ಇನ್ನೋವಾ 21. ಪೋಲೊದಲ್ಲಿ ನಟ್ಟಲ್ಲ, ಬೋಲ್ಟು, ಅದು 17. ಫೋರ್ಡಿನ ಅಡಿಭಾಗದಲ್ಲಿ 15, 18 ಕೂಡ ಬರುತ್ತವೆ.

ಸೈಜಿನಷ್ಟೇ ಮುಖ್ಯ ಡ್ರೈವ್, ಅಂದರೆ ರ‍್ಯಾಚೆಟ್ (ಸಾಕೆಟ್ ತಿರುಗಿಸುವ ಹಿಡಿಕೆ) ಸಿಕ್ಕಿಸುವ, ಸಾಕೆಟ್ಟಿನ ಹಿಂದಿನ ಚೌಕ ತೂತು. ನಮ್ಮ ಪಿ.ಬಿ. ರಸ್ತೆಯ ಅಂಗಡಿಗಳಲ್ಲಿ "ಬಾಕ್ಸ್ ಸೆಟ್ ಕೊಡಿ" ಅಂದರೆ ಕೇಳದೆಯೇ ಅರ್ಧ ಇಂಚಿನದು ಕೊಡುತ್ತಾರೆ. 19, 21ಕ್ಕೆ ಅದೇ ಸರಿ. 10ಕ್ಕೆ ಅದು ತಪ್ಪು. ಲೆಕ್ಕ ನೋಡಿ: ವಾಲ್ವ್ ಕವರಿನ ಎಂ6 ಬೋಲ್ಟಿಗೆ ಹೆಚ್ಚೆಂದರೆ 10 ನ್ಯೂಟನ್ ಮೀಟರ್ ಬಿಗಿ ಸಾಕು. ಅರ್ಧ ಇಂಚಿನ ರ‍್ಯಾಚೆಟ್ಟಿನ ಹಿಡಿಕೆ ಸುಮಾರು 25 ಸೆಂಟಿಮೀಟರ್. ಅದರ ತುದಿಗೆ 4 ಕಿಲೋ ಒತ್ತಡ ಬಿದ್ದರೆ ಅಷ್ಟು ಬಿಗಿ ಬಂದೇಬಿಟ್ಟಿತು. 4 ಕಿಲೋ ಅಂದರೆ ಕೈ ಸುಮ್ಮನೆ ಊರಿದ ಭಾರ. "ಇನ್ನೊಂಚೂರು" ಅಂತ ಎಳೆದರೆ ಬೋಲ್ಟು ತುಂಡಾಗುತ್ತದೆ, ಇಲ್ಲವೇ ಅಲ್ಯುಮಿನಿಯಂ ಹೆಡ್ಡಿನ ಥ್ರೆಡ್ಡು ಪುಡಿಯಾಗಿ ಈಚೆ ಬರುತ್ತದೆ. 8, 10ಕ್ಕೆ ಕಾಲು ಇಂಚಿನ ಗಿಡ್ಡ ರ‍್ಯಾಚೆಟ್, 12ರಿಂದ 17ರವರೆಗೆ ತ್ರೀ-ಬೈ-ಏಯ್ಟ್ (3/8 ಇಂಚು), ಅದರಾಚೆ ಅರ್ಧ ಇಂಚು. ಒಂದೇ ಡ್ರೈವ್ ಕೊಳ್ಳುವಷ್ಟೇ ದುಡ್ಡಿದ್ದರೆ ನಾನು ಹೇಳುವುದು ತ್ರೀ-ಬೈ-ಏಯ್ಟ್. ಎಂಜಿನ್ ಸಂದಿಗೂ ಹೋಗುತ್ತದೆ, ಬ್ರೇಕಿನ ಕೆಲಸಕ್ಕೂ ತಡೆಯುತ್ತದೆ. ವೀಲ್ ನಟ್ಟಿಗೆ ಗಾಡಿಯ ಜೊತೆ ಬಂದ ಪಾನಾ ಇದ್ದೇ ಇರುತ್ತದಲ್ಲ.

ಒಳಗೆ ಆರು ಮೂಲೆಯದೋ ಹನ್ನೆರಡು ಮೂಲೆಯದೋ ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ: ಆರು. ಹನ್ನೆರಡರದ್ದು ಬೇಗ ಕೂರುತ್ತದೆ ನಿಜ, ಆದರೆ ಹಿಡಿಯುವುದು ತಲೆಯ ಮೂಲೆಯ ಹತ್ತಿರದಲ್ಲಿ. ಭದ್ರಾ ಕಾಲುವೆ ಬಯಲಿನ ಗದ್ದೆ ದಾರಿಯಲ್ಲಿ ಓಡಿದ ಗಾಡಿಯ ಕೆಳಗೆ ಹೋಗಿ ನೋಡಿ. ಲೋವರ್ ಆರ್ಮ್ ಬೋಲ್ಟಿನ ತಲೆ ಸುತ್ತ ಕೆಸರು ಒಣಗಿ ಗಾರೆಯಂತೆ ಗಟ್ಟಿಯಾಗಿರುತ್ತದೆ, ಅದರ ಅಡಿಯಲ್ಲಿ ತುಕ್ಕು. ಮೊದಲು ವೈರ್ ಬ್ರಷ್ಷು, ಆಮೇಲೆ ಹಳೆ ಸ್ಕ್ರೂಡ್ರೈವರಿನಿಂದ ತಲೆಯ ಬುಡದ ಮಣ್ಣು ಕೆರೆಯುವುದು, ಆಮೇಲೆ ತುಕ್ಕಿನ ಎಣ್ಣೆ ಹೊಡೆದು ಕಾಲು ಗಂಟೆ ಬಿಡುವುದು. ಸಾಕೆಟ್ ಇಟ್ಟು ಸಣ್ಣ ಸುತ್ತಿಗೆಯಿಂದ ಎರಡೇಟು ಹಾಕಿದರೆ ಬುಡದವರೆಗೆ ಇಳಿಯುತ್ತದೆ. ಇಷ್ಟು ಮಾಡದೆ ಅರ್ಧ ಕೂತ ಸಾಕೆಟ್ಟಿಗೆ ಪೈಪು ಸಿಕ್ಕಿಸಿ ಎಳೆದರೆ ಎಷ್ಟು ಒಳ್ಳೆ ಕಂಪನಿಯದಾದರೂ ಜಾರುತ್ತದೆ. ಭೀಮಸಮುದ್ರದ ಕಡೆಯಿಂದ ಬರುವ ಗಾಡಿಗಳಲ್ಲಿ ಅದಿರಿನ ಕೆಂಪು ಧೂಳು ಎಣ್ಣೆಯ ಜೊತೆ ಕಲಸಿ ಇದೇ ಕೆಲಸ ಮಾಡುತ್ತದೆ.

ಕೊಳ್ಳುವಾಗ ಸಾಕೆಟ್ಟಿನ ಬಾಯಿ ನೋಡಬೇಕು. ಬೋಲ್ಟು ಸುಲಭವಾಗಿ ಒಳಗೆ ಹೋಗಲಿ ಅಂತ ಬಾಯಿಯ ಅಂಚನ್ನು ಒಳಗಡೆ ಇಳಿಜಾರು ಮಾಡಿರುತ್ತಾರೆ. ಅಗ್ಗದವುಗಳಲ್ಲಿ ಈ ಇಳಿಜಾರು ಎರಡು-ಮೂರು ಮಿಲಿಮೀಟರ್ ಇರುತ್ತದೆ. ತಲೆ ತೆಳ್ಳಗಿರುವ ಬೋಲ್ಟಿನಲ್ಲಿ ಅಷ್ಟು ಭಾಗ ಹಿಡಿತವೇ ಇಲ್ಲದ ಹಾಗೆ. ಅಂಥ ಒಂದು 17 ಇದ್ದರೆ ಬೆಂಚ್ ಗ್ರೈಂಡರಿನಲ್ಲಿ ಬಾಯಿಯನ್ನು ಚಪ್ಪಟೆಯಾಗುವವರೆಗೆ ಉಜ್ಜಬಹುದು. ಆಗಾಗ ನೀರಿಗೆ ಅದ್ದಬೇಕು, ನೀಲಿಗಟ್ಟಿದರೆ ಗಡಸುತನ ಹೋಯಿತು. ಅಂಚಿನ ಕ್ರೋಮು ಚೂಪಾಗಿ ನಿಂತಿರುತ್ತದೆ, ಅದನ್ನು ಅರದಿಂದ ಮುರಿಯಿರಿ.

ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಮೂಲೆ ಸವೆಯದ 10, 12, 14, 17ರ ಒಂದೊಂದು ಬೋಲ್ಟು ಇಟ್ಟುಕೊಂಡು ಹೋಗುವುದು ಒಳ್ಳೆಯದು. ಕೌಂಟರಿನ ಮೇಲೇ ಹಾಕಿ ಆಡಿಸಿ ನೋಡಿ. ಬಾಯಿಯ ಸುತ್ತ ಗೋಡೆಯ ದಪ್ಪ ಒಂದೇ ಸಮ ಇದೆಯಾ, ರ‍್ಯಾಚೆಟ್ಟಿನ ಗುಂಡು 'ಟಕ್' ಅಂತ ಕೂತು ಸಾಕೆಟ್ ತಲೆಕೆಳಗಾದರೂ ಬೀಳದೆ ನಿಲ್ಲುತ್ತದಾ, ಇಷ್ಟು ಸಾಕು. ಅಂಗಡಿಯವರು ಬೇಸರ ಮಾಡಿಕೊಳ್ಳುವುದಿಲ್ಲ. "ಬೋಲ್ಟು ತಂದಾರ ಅಂದ್ರ ಕೆಲಸದವ್ರು" ಅಂತ ಒಳಗಿನ ಒಳ್ಳೆಯ ಮಾಲು ತೆಗೆಯುತ್ತಾರೆ. ತಪರಿಯಾದಂಥ ಕಂಪನಿಗಳ ಬಿಡಿ ಪೀಸು ಸಿಗುತ್ತವೆ, ಅದನ್ನೇ ಕೊಳ್ಳಿ. 10 ಮಾತ್ರ ಎರಡು. "ಹತ್ತರದು ಎಲ್ಲಿ ಹೋತು?" ಅನ್ನುವ ಮಾತು ಕೇಳದ ಶೆಡ್ಡಿಲ್ಲ. ಅದು ಎಂಜಿನ್ನಿನ ಕೆಳಗಿನ ತಗಡಿನ ಮೇಲೆ ಬಿದ್ದಿರುತ್ತದೆ, ಮುಂದಿನ ಆಯಿಲ್ ಸರ್ವಿಸಿನಲ್ಲಿ ಸಿಗುತ್ತದೆ.

ಉದ್ದನೆಯ ಡೀಪ್ ಸಾಕೆಟ್ ಎಲ್ಲ ಸೈಜಿನಲ್ಲೂ ಬೇಡ. 10 ಮತ್ತು 12 ಬೇಕು, ಬ್ಯಾಟರಿ ಕ್ಲಾಂಪಿನ ಉದ್ದ ಕಡ್ಡಿಯ ಮೇಲಿನ ನಟ್ಟಿಗೆ ಮಾಮೂಲಿ ಸಾಕೆಟ್ ತಲುಪುವುದೇ ಇಲ್ಲ. ಸೈಲೆನ್ಸರ್ ಸ್ಟಡ್ಡಿಗೆ 14. ಸ್ಪಾರ್ಕ್ ಪ್ಲಗ್ಗಿಗೆ ಒಳಗೆ ರಬ್ಬರ್ ಇಲ್ಲವೇ ಅಯಸ್ಕಾಂತ ಇರುವ 16. ಹೊಸ ಎಂಜಿನ್ನುಗಳ ಸಣ್ಣ ಪ್ಲಗ್ಗಿಗೆ ತೆಳು ಗೋಡೆಯ 14. ಹಳೆ ಕಾರ್ಬುರೇಟರ್ ಗಾಡಿಗಳಿಗೆ 21. ಜೊತೆಗೆ 75 ಮತ್ತು 150 ಮಿಲಿಮೀಟರ್ ಎಕ್ಸ್‌ಟೆನ್ಶನ್ (ಸಾಕೆಟ್ ದೂರ ತಲುಪಿಸುವ ಕಡ್ಡಿ). ಅಲ್ಯುಮಿನಿಯಂ ಹೆಡ್ಡಿನಲ್ಲಿ ಪ್ಲಗ್ಗನ್ನು ಮೊದಲು ಎಕ್ಸ್‌ಟೆನ್ಶನ್ ಬೆರಳಲ್ಲಿ ಹಿಡಿದೇ ತಿರುಗಿಸಬೇಕು. ಬುಡದವರೆಗೆ ಹೋದ ಮೇಲೆ ಮಾತ್ರ ರ‍್ಯಾಚೆಟ್.

ಏರ್ ಗನ್ನಿಗೆ ಹೊಳೆಯುವ ಸಾಕೆಟ್ ಹಾಕಬೇಡಿ. ಅದು ಗಡಸು, ಏಟಿಗೆ ಸೀಳಿ ಚೂರು ಮುಖಕ್ಕೆ ಹಾರುತ್ತದೆ. ಕಪ್ಪನೆಯ ಇಂಪ್ಯಾಕ್ಟ್ ಸಾಕೆಟ್ 17, 19, 21 ಮೂರೇ ಸಾಕು. ಅಲಾಯ್ ಚಕ್ರದ ತೂತು ಕಿರಿದಾಗಿರುವುದರಿಂದ ತೆಳು ಗೋಡೆಯದು ಕೇಳಿ ತನ್ನಿ. ಬಿಗಿ ಮಾಡುವಾಗ ಗನ್ನು ಬದಿಗಿಡಿ. ಚಿಕ್ಕ ಕಾರಿನ ವೀಲ್ ನಟ್ಟಿಗೆ 85ರಿಂದ 110 ನ್ಯೂಟನ್ ಮೀಟರ್ ಸಾಮಾನ್ಯ, ಸರಿಯಾದ ಅಂಕಿ ಗಾಡಿಯ ಪುಸ್ತಕದಲ್ಲಿರುತ್ತದೆ. ಅರ್ಧ ಮೀಟರ್ ಉದ್ದದ ಹಿಡಿಕೆಯ ತುದಿಗೆ 20 ಕಿಲೋ ಒತ್ತಿದರೆ ಸುಮಾರು 100 ಬರುತ್ತದೆ.

ಹಳೆ ವಿಲೀಸ್ ಮಾದರಿಯ ಜೀಪು, ಅಂಬಾಸಿಡರ್ ಮುಟ್ಟುವವರಿಗೆ ಇಂಚಿನ ಸಾಕೆಟ್ ಬೇಕು, ಆದರೆ ಪೂರ್ತಿ ಸೆಟ್ ಬೇಡ. ಮುಕ್ಕಾಲು ಇಂಚು 19.05 ಮಿಲಿಮೀಟರ್, ನಮ್ಮ 19 ಕೂರುತ್ತದೆ. ಅರ್ಧ ಇಂಚು 12.7, ಅದಕ್ಕೆ 13 ನಡೆಯುತ್ತದೆ, ತೀರಾ ಬಿಗಿ ಇದ್ದರೆ ಮಾತ್ರ ಬೇಡ. 5/8ಕ್ಕೆ 16 ಆಯಿತು. 7/16, 9/16, 11/16 ಈ ಮೂರಕ್ಕೆ ಹತ್ತಿರದ ಮಿಲಿಮೀಟರ್ ಸೈಜೇ ಇಲ್ಲ: 9/16 ಅಂದರೆ 14.29, ಅದಕ್ಕೆ 14 ಹೋಗುವುದಿಲ್ಲ, 15 ಹಾಕಿದರೆ ಮೂಲೆ ತಿನ್ನುತ್ತದೆ. ಈ ಮೂರನ್ನು ಬಿಡಿಯಾಗಿ ತನ್ನಿ.

ಆಕ್ಸಲ್ ನಟ್ಟಿನ 30, 32 ಮಾತ್ರ ಮುಂಚೆಯೇ ಕೊಳ್ಳಬೇಡಿ. ಗಾಡಿ ಬಂದಾಗ ವರ್ನಿಯರ್ ಹಿಡಿದು ಎದುರುಬದುರಿನ ಎರಡು ಚಪ್ಪಟೆ ಮುಖಗಳ ನಡುವೆ ಅಳೆದು, ಆಮೇಲೆ ಇಂಪ್ಯಾಕ್ಟಿನದನ್ನೇ ತನ್ನಿ.