ಒಂದು ತಟ್ಟೆ, ಎರಡು ಚಮಚ, ಎರಡು ಚೀಟಿ

ರುಚಿ ನೋಡುವ ಮೇಳಕ್ಕೆ ಗಂಡ-ಹೆಂಡತಿ ನಾವು ಜೊತೆಯಾಗಿಯೇ ಹೋಗುವುದು. ಒಳಗೆ ಕಾಲಿಟ್ಟ ಮೇಲೆ ಕಟ್ಟುನಿಟ್ಟು ಒಂದೇ: ಇಬ್ಬರೂ ಬರೆದು ಮುಗಿಸುವ ತನಕ ಮಾತಿಲ್ಲ. ‘ಉಪ್ಪು ಜಾಸ್ತಿ ಆಯ್ತಲ್ವಾ?’ ಅಂತ ಒಬ್ಬರು ಅಂದರೆ ಸಾಕು, ಇನ್ನೊಬ್ಬರ ನಾಲಿಗೆ ಉಪ್ಪನ್ನೇ ಹುಡುಕತೊಡಗುತ್ತದೆ. ಮುಖ ಕಿವುಚುವುದೂ ಮಾತಿನ ಲೆಕ್ಕವೇ, ಹಾಗಾಗಿ ತುತ್ತು ಬಾಯಲ್ಲಿರುವಾಗ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಹಸಿದು ಹೋದರೆ ಮೊದಲು ಸಿಕ್ಕಿದ್ದೇ ಅಮೃತವಾಗಿಬಿಡುತ್ತದೆ. ಸುಮಾರು ಒಂದೂವರೆ ಗಂಟೆ ಮುಂಚೆ ಸಪ್ಪೆಯಾದದ್ದೇನಾದರೂ ಸ್ವಲ್ಪ ತಿಂದಿರುತ್ತೇವೆ. ಹೊರಡುವ ಹೊತ್ತಿಗೆ ಹಲ್ಲುಜ್ಜುವುದಿಲ್ಲ. ಎಷ್ಟೋ ಟೂತ್‌ಪೇಸ್ಟುಗಳಲ್ಲಿ ನೊರೆಗೆಂದು ಹಾಕುವ ಸೋಡಿಯಂ ಲಾರಿಲ್ ಸಲ್ಫೇಟ್ ಸಿಹಿಯನ್ನು ಮಂಕು ಮಾಡಿ ಕಹಿಯನ್ನು ಎತ್ತಿ ತೋರಿಸುತ್ತದೆ. ಸೆಂಟು ಇಬ್ಬರಿಗೂ ಬೇಡ. ನೆಗಡಿಯಾದವರು ಬಂದೂ ಉಪಯೋಗವಿಲ್ಲ, ಏಕೆಂದರೆ ರುಚಿ ಅನ್ನುವುದರ ದೊಡ್ಡ ಪಾಲು ಬಾಯಿಯ ಹಿಂದಿನಿಂದ ಮೂಗಿಗೇರುವ ಪರಿಮಳ.

20 ಬಗೆ, ತಲಾ 30 ಗ್ರಾಂ ಅಂದರೆ 600 ಗ್ರಾಂ. ಒಂದೇ ಪಾಲು ತೆಗೆದುಕೊಂಡು ಹಂಚಿಕೊಂಡರೆ ಒಬ್ಬೊಬ್ಬರಿಗೆ 300. ಹೊಟ್ಟೆ ಉಳಿಯುವುದಷ್ಟೇ ಅಲ್ಲ, ಇಬ್ಬರೂ ತಿಂದದ್ದು ಅದನ್ನೇ ಅನ್ನುವ ಖಾತರಿಯೂ ಸಿಗುತ್ತದೆ. ಬೇರೆ ಬೇರೆ ತಟ್ಟೆಯಾದರೆ ಒಬ್ಬರಿಗೆ ಪಾತ್ರೆಯ ಮೇಲಿನ ತಿಳಿ, ಇನ್ನೊಬ್ಬರಿಗೆ ತಳದ ಗಟ್ಟಿ. ಒಂದು ಬಿಸಿ, ಇನ್ನೊಂದು ಆರಿದ್ದು. ಅದೇ ಐಸ್‌ಕ್ರೀಮು ಕರಗಿದ ಮೇಲೆ ಹೆಚ್ಚು ಸಿಹಿ ಅನ್ನಿಸುತ್ತದಲ್ಲ, ಹಾಗೆ. ಅಲರ್ಜಿ ಇರುವವರು ಮಳಿಗೆಯ ಚಮಚ ಒಂದೇ ಪಾತ್ರೆಯದೋ ಎಲ್ಲದಕ್ಕೂ ಸುತ್ತಿ ಬಂದದ್ದೋ ಎಂದು ಮೊದಲೇ ಕೇಳಬೇಕು.

ಇಡೀ ಮೇಳದಲ್ಲಿ ಸಪ್ಪೆಯಿಂದ ಗಾಢಕ್ಕೆ, ಆಮೇಲೆ ಸಿಹಿ, ಖಾರ ಕಟ್ಟಕಡೆಗೆ. ಖಾರವನ್ನು ಸಿಹಿಗಿಂತಲೂ ಹಿಂದಿಡುವುದು ಹಲವರಿಗೆ ವಿಚಿತ್ರ, ಆದರೆ ಉರಿಯುವ ಬಾಯಿಗೆ ಮುಂದಿನ ಹತ್ತು ನಿಮಿಷ ಏನೂ ತಿಳಿಯುವುದಿಲ್ಲ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದ್ದರಿಂದ ಹಾಲು ಕುಡಿಯಬೇಕು. ಉಳಿದದ್ದಕ್ಕೆ ಉಗುರುಬೆಚ್ಚಗಿನ ನೀರು, ಸಾದಾ ಬ್ರೆಡ್ಡಿನ ಚೂರು ಸಾಕು. ಮೂಗು ತಿಳಿಯಾಗಲೆಂದು ಇಟ್ಟಿರುವ ಕಾಫಿಬೀಜ ಬರಿ ಗಾಳಿಗಿಂತ ಹೆಚ್ಚೇನೂ ಮಾಡುವುದಿಲ್ಲ, ಎರಡು ನಿಮಿಷ ಹೊರಗೆ ನಿಂತು ಬರುವುದು ಮೇಲು.

ಒಂದೇ ಜಾತಿಯ ನಾಲ್ಕೈದು ಬಗೆ ಸಾಲಾಗಿ ಇಟ್ಟಿದ್ದರೆ, ಉದಾಹರಣೆಗೆ ಚಾಕೊಲೇಟೋ ಜೇನೋ, ನಾನು ಎಡದಿಂದ, ಅವರು ಬಲದಿಂದ. ಬಲು ಸಿಹಿಯಾದದ್ದರ ಬೆನ್ನಿಗೆ ಬಂದದ್ದು ಹುಳಿಯೆನಿಸುವುದು ನಾಲಿಗೆಯ ಗುಣ. ಒಂದೇ ದಿಕ್ಕಿನಲ್ಲಿ ಹೋದರೆ ಇಬ್ಬರೂ ಅದೇ ತಪ್ಪು ಮಾಡುತ್ತೇವೆ. ಎದುರುಬದುರು ಹೊರಟೂ ಚೀಟಿಯಲ್ಲಿ ಒಂದೇ ಮಾತು ಬಂತೆಂದರೆ ಅದನ್ನು ನಂಬಬಹುದು.

ಚೀಟಿಯಲ್ಲಿ ಉಪ್ಪು, ಹುಳಿ, ಸಿಹಿ, ಕಹಿ, ಪರಿಮಳಕ್ಕೆ 0ಯಿಂದ 5ರ ಅಂಕ. ಒಂದಂಕದ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳುವುದಿಲ್ಲ, ಮೂರಾದರೆ ಇನ್ನೊಮ್ಮೆ ತಿನ್ನುತ್ತೇವೆ. ಕಹಿಯಲ್ಲಿ ಮಾತ್ರ ವಾದ ವ್ಯರ್ಥ. ಕೆಲವು ಕಹಿಗಳು ಯಾರಿಗೆ ಎಷ್ಟು ತಟ್ಟುತ್ತವೆ ಅನ್ನುವುದು ಟಿಎಎಸ್2ಆರ್38 ಎಂಬ ವಂಶವಾಹಿಯ ಮೇಲೂ ನಿಂತಿದೆ. ಇಬ್ಬರೂ ಸರಿಯೇ ಇರುತ್ತೀರಿ.

ದುಬಾರಿಯದಕ್ಕೂ ಅಗ್ಗದ್ದಕ್ಕೂ ನಿಜಕ್ಕೂ ವ್ಯತ್ಯಾಸ ಇದೆಯಾ ಎಂದು ಗೊತ್ತಾಗಬೇಕಾದರೆ ಮೂರು ಲೋಟದ ಪರೀಕ್ಷೆ. ಒಬ್ಬರು ಬೆನ್ನು ತಿರುಗಿಸಿ ನಿಲ್ಲಬೇಕು, ಇನ್ನೊಬ್ಬರು ಎರಡು ಲೋಟಗಳಿಗೂ ಒಂದೇ ಬಗೆಯನ್ನು ಹಾಕಿ ಮೂರನೆಯದಕ್ಕೆ ಬೇರೆಯದನ್ನು ಹಾಕಬೇಕು. ಬಣ್ಣ ಗುಟ್ಟು ಬಿಡುವಂತಿದ್ದರೆ ಕಣ್ಣು ಮುಚ್ಚಿಯೇ ಕುಡಿಯಬೇಕು. ಬೇರೆಯದನ್ನು ಒಮ್ಮೆ ಗುರುತಿಸಿದರೆ ಏನೂ ಸಾಬೀತಾಗಲಿಲ್ಲ, ಊಹೆಗೂ ಮೂರರಲ್ಲಿ ಒಂದು ಅವಕಾಶ ಇದ್ದೇ ಇರುತ್ತದೆ. ಜಾಗ ಬದಲಿಸಿ ಸತತ ಮೂರು ಸಲ ಹಿಡಿದರೆ, ಊಹೆಯಿಂದ ಅದು ಆಗುವುದು 27ರಲ್ಲಿ ಒಮ್ಮೆ ಮಾತ್ರ.

ಅಷ್ಟಾದರೂ ಕೊಳ್ಳುವುದು ಸಣ್ಣ ಪೊಟ್ಟಣವೇ. ಒಂದು ಚಮಚದಲ್ಲಿ ಗೆಲ್ಲುವ ಸಿಹಿ, ಬಟ್ಟಲು ತುಂಬ ತಿಂದರೆ ಅರ್ಧಕ್ಕೇ ಸಾಕೆನಿಸುತ್ತದೆ.