ಅಡಿಕೆಯ ಕಂದು ಗೆರೆ ಮತ್ತು ಸ್ಪ್ರೇಯ ಒದ್ದೆ

ಬದಿಯಡ್ಕದ ನಮ್ಮ ತೋಟದ ಹಣ್ಣಡಿಕೆಯ ಹೋಳೊಂದರ ರಾಸಾಯನಿಕ ಚಿತ್ರವನ್ನು, ಅಂದರೆ ಯಾವ ರಾಸಾಯನಿಕ ಎಲ್ಲಿದೆ ಎಂದು ತೋರಿಸುವ ನಕ್ಷೆಯನ್ನು, ಡೆಸಿ (DESI) ಎಂಬ ಸ್ಪ್ರೇ ವಿಧಾನದಲ್ಲಿ ತೆಗೆದು ರಜೆಯಲ್ಲಿ ಅಪ್ಪನಿಗೆ ತೋರಿಸಿದಾಗ, ಅವರು ಅಡಕತ್ತರಿಯಿಂದ ಒಂದು ಅಡಿಕೆಯನ್ನು ಸೀಳಿ ಪಕ್ಕದಲ್ಲಿಟ್ಟು, "ಗೆರೆ ಇಷ್ಟು ದಪ್ಪ ಎಲ್ಲಿದೆ ಮಾರಾಯಾ?" ಎಂದು ಕೇಳಿದರು. ಬಿಳಿ ತಿರುಳಿನೊಳಗೆ ಹೊಕ್ಕಿರುವ ಕಂದು ಎಳೆಗಳಲ್ಲಿ ಕ್ಯಾಟೆಚಿನ್‌ನಂತಹ ಪಾಲಿಫೀನಾಲ್‌ಗಳಿರುತ್ತವೆ, ಕ್ಯಾಟೆಚಿನ್ ಅಯಾನಿನ ಗುರುತಾದ ಎಂ/ಜೆಡ್ (ದ್ರವ್ಯರಾಶಿ ಮತ್ತು ಆವೇಶದ ಅನುಪಾತ) 289.07ರ ನನ್ನ ಚಿತ್ರದಲ್ಲಿ ಆ ಎಳೆಗಳು ಒಂದಕ್ಕೊಂದು ಕಲಸಿಹೋಗಿದ್ದವು.

2004ರಲ್ಲಿ ಗ್ರಹಾಂ ಕುಕ್ಸ್ ಅವರ ತಂಡ ಪ್ರಕಟಿಸಿದ ಈ ವಿಧಾನದಲ್ಲಿ ಮಾದರಿಯನ್ನು ನಿರ್ವಾತದಲ್ಲಿಡದೆ, ತೆರೆದ ಗಾಳಿಯಲ್ಲೇ ವಿದ್ಯುದಾವೇಶದ ದ್ರಾವಕದ ಹನಿಗಳನ್ನು ಸಿಂಪಡಿಸಿ, ಅಲ್ಲಿಂದ ಚಿಮ್ಮುವ ಹನಿಗಳನ್ನು ಅಯಾನುಗಳ ಎಂ/ಜೆಡ್ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಎಳೆದುಕೊಳ್ಳುತ್ತಾರೆ. ಸಾಮಾನ್ಯವಾಗಿ ಸಿಗುವ ಸ್ಪಷ್ಟತೆ, ಅಂದರೆ ಬಿಡಿಬಿಡಿಯಾಗಿ ಕಾಣುವ ಅತಿ ಸಣ್ಣ ಅಂತರ, 150ರಿಂದ 200 ಮೈಕ್ರೋಮೀಟರ್. ನಾನು ಮೊದಲು ಮಾಡಿದ್ದು ಸುಲಭದ ತಪ್ಪು: ಸ್ಪ್ರೇ ಮಾದರಿಯ ಮೇಲೆ ಹಾಯುವ ಸಾಲುಗಳ ಅಂತರವನ್ನು 200ರಿಂದ 50 ಮೈಕ್ರೋಮೀಟರಿಗೆ ಇಳಿಸಿ, ವೇಗವನ್ನೂ ಅದೇ ಪ್ರಮಾಣದಲ್ಲಿ ತಗ್ಗಿಸಿದೆ. 12 ಮಿಲಿಮೀಟರ್ ಅಗಲದ ಚೌಕಕ್ಕೆ ಒಂದು ಗಂಟೆ ಸಾಕಾಗುತ್ತಿದ್ದಲ್ಲಿ ಹದಿನಾರು ಗಂಟೆ ಹಿಡಿಯಿತು. ಚಿತ್ರ ನುಣುಪಾಯಿತೇ ಹೊರತು ಗೆರೆಗಳು ಬಿಡಿಸಿಕೊಳ್ಳಲಿಲ್ಲ. ಪಿಕ್ಸೆಲ್ ಎಷ್ಟೇ ಚಿಕ್ಕದಾದರೂ ಸ್ಪ್ರೇ ಒದ್ದೆಮಾಡುವ ಜಾಗ ದೊಡ್ಡದಾಗಿದ್ದರೆ ಫಲವಿಲ್ಲ.

ಆ ಜಾಗವನ್ನು ಅಳೆಯಲು ಗಾಜಿನ ಸ್ಲೈಡಿನ ಮೇಲೆ ಕೆಂಪು ಪರ್ಮನೆಂಟ್ ಮಾರ್ಕರಿನಿಂದ ಪಟ್ಟಿ ಎಳೆದು, ಬ್ಲೇಡಿನಿಂದ ಅದರ ಅಂಚನ್ನು ನೇರವಾಗಿ ಕೆರೆದೆ. ಶಾಯಿಯಲ್ಲಿದ್ದ ರೋಡಮಿನ್ 6ಜಿ ಎಂಬ ಬಣ್ಣ ಎಂ/ಜೆಡ್ 443.2ರಲ್ಲಿ ಜೋರಾಗಿ ಕಾಣುತ್ತದೆ. ಅಂಚಿನಲ್ಲಿ ಸಂಕೇತವು ಶೇಕಡಾ 20ರಿಂದ 80ಕ್ಕೆ ಏರಲು ಬೇಕಾಗುವ ದೂರವೇ ನಿಜವಾದ ಸ್ಪಷ್ಟತೆಯ ಅಳತೆ. ಮೆಥನಾಲ್ ಹರಿವನ್ನು ನಿಮಿಷಕ್ಕೆ 3 ಮೈಕ್ರೋಲೀಟರಿನಿಂದ 1ಕ್ಕೆ ಇಳಿಸಿ, ಒಳರಂಧ್ರ ಇನ್ನೂ ಕಿರಿದಾದ ಕ್ಯಾಪಿಲರಿ (ದ್ರಾವಕ ಹರಿಯುವ ಸಣ್ಣ ಕೊಳವೆ) ಹಾಕಿದ ಮೇಲೆ ಆ ದೂರ ಅರ್ಧಕ್ಕಿಂತ ಕಡಿಮೆಯಾಯಿತು. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಕ್ಯಾಪಿಲರಿಯ ತುದಿ: ಅದು ಅನಿಲದ ಹೊರಕೊಳವೆಯ ನಟ್ಟನಡುವೆ ಕೂರದೆ ಕೂದಲೆಳೆಯಷ್ಟು ಪಕ್ಕಕ್ಕೆ ವಾಲಿದರೂ ಸ್ಪ್ರೇ ಒಂದೇ ಕಡೆಗೆ ಬಾಲ ಬಿಡುತ್ತಿತ್ತು. ಸೂಕ್ಷ್ಮದರ್ಶಕದ ಕೆಳಗೆ ಅದನ್ನು ನಡುವಿಗೆ ತರಲು ಎರಡು ದಿನ ಹೋಯಿತು.

ಅಡಿಕೆಯ ತಪ್ಪೂ ಇತ್ತು. ಚಾಲಿ, ಅಂದರೆ ಒಣಗಿಸಿದ ಹಣ್ಣಡಿಕೆ, ಬ್ಲೇಡಿಗೆ ಬಗ್ಗದ್ದರಿಂದ ನಾನು ಹಸಿ ಅಡಿಕೆಯನ್ನೇ ಕೊಯ್ದು ಟೆಫ್ಲಾನ್ ಹಾಳೆಯ ಮೇಲೆ ಒತ್ತಿ ಅಚ್ಚು ತೆಗೆಯುತ್ತಿದ್ದೆ. ಒತ್ತುವ ಮೊದಲು ಸೋಸುಕಾಗದದಿಂದ ರಸ ಹೀರಿಸದಿದ್ದರೆ ಗೆರೆಗಳು ಸ್ಪ್ರೇಗೆ ಸಿಗುವ ಮೊದಲೇ ಹರಡಿಬಿಡುತ್ತಿದ್ದವು.

ಹರಿವು ತಗ್ಗಿದಷ್ಟೂ ಸಂಕೇತವೂ ತಗ್ಗುವುದರಿಂದ ವೇಗ ಹೆಚ್ಚಿಸುವಂತಿಲ್ಲ. ಹಾಗಾಗಿ ಈಗ ಇಡೀ ಹೋಳನ್ನು ಒರಟಾಗಿ ಒಮ್ಮೆ ನೋಡಿ, ಗೆರೆ ದಟ್ಟವಾಗಿರುವ 4 ಮಿಲಿಮೀಟರ್ ಚೌಕವನ್ನು ಮಾತ್ರ 50 ಮೈಕ್ರೋಮೀಟರಿನಲ್ಲಿ ತೆಗೆಯುತ್ತೇನೆ. ಅದು ಎರಡು ಗಂಟೆಯೊಳಗೆ ಮುಗಿಯುತ್ತದೆ.