ಟರ್ಮಿನಲ್‌ನಲ್ಲಿ ಬಿಲ್ಡ್ ಸಕ್ಸೆಸ್, ಎಕ್ಲಿಪ್ಸ್‌ನಲ್ಲಿ ಕೆಂಪು ಗುರುತು: ಮೇವನ್ ಸರಿಪಡಿಸಿದ ನನ್ನ ಅನುಭವ

ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಜಾವಾ ಕೆಲಸ ಮಾಡುತ್ತೇನೆ. ಹೊಸ ತಂಡಕ್ಕೆ ಸೇರಿದಾಗ ನನ್ನ ಕೈಗೆ ಬಂದದ್ದು 14 ಮಾಡ್ಯೂಲ್‌ಗಳ ಒಂದು ಹಳೆಯ ಮೇವನ್ ಪ್ರಾಜೆಕ್ಟ್. (ಮೇವನ್ ಎಂದರೆ ಜಾವಾ ಕೋಡನ್ನು ಬಿಲ್ಡ್ ಮಾಡುವ, ಅದಕ್ಕೆ ಬೇಕಾದ ಲೈಬ್ರರಿಗಳನ್ನು ಇಳಿಸಿಕೊಡುವ ಸಾಧನ.) ಗಿಟ್‌ನಿಂದ ಕೋಡ್ ಇಳಿಸಿಕೊಂಡು ಟರ್ಮಿನಲ್‌ನಲ್ಲಿ ‘ಎಂವಿಎನ್ ಕ್ಲೀನ್ ಇನ್‌ಸ್ಟಾಲ್’ ಕೊಟ್ಟಾಗ 11 ನಿಮಿಷಗಳಲ್ಲಿ ‘ಬಿಲ್ಡ್ ಸಕ್ಸೆಸ್’ ಎಂದು ಬಂತು. ಅದೇ ಕೋಡನ್ನು, ನಾವು ಕೋಡ್ ಬರೆಯುವ ತಂತ್ರಾಂಶವಾದ ಎಕ್ಲಿಪ್ಸ್‌ಗೆ ಇಂಪೋರ್ಟ್ ಮಾಡಿದ ಕೂಡಲೇ ಪ್ರಾಬ್ಲಮ್ಸ್ ವ್ಯೂ ತುಂಬ ದೋಷಗಳು. ಹೆಚ್ಚುಕಡಿಮೆ ಪ್ರತಿಯೊಂದು ಮಾಡ್ಯೂಲ್‌ನ ಮೇಲೂ ಕೆಂಪು ಗುರುತು. ತಂಡದ ಹಿರಿಯರನ್ನು ಕೇಳಿದೆ. ‘ಒಮ್ಮೆ ಟರ್ಮಿನಲ್‌ನಲ್ಲಿ ಬಿಲ್ಡ್ ಮಾಡಿ, ಆಮೇಲೆ ಎಕ್ಲಿಪ್ಸ್‌ನಲ್ಲಿ ಅಪ್‌ಡೇಟ್ ಪ್ರಾಜೆಕ್ಟ್ ಕೊಡಿ, ಎರಡು ಮೂರು ಸಲ ಮಾಡಿದರೆ ಹೋಗುತ್ತದೆ, ಹೋಗದಿದ್ದರೆ ಡಾಟ್ ಎಂ2 ಫೋಲ್ಡರನ್ನೇ ಅಳಿಸಿಬಿಡಿ’ ಎಂದರು. ಅವರು ಹಾಗೆಯೇ ವರ್ಷಗಟ್ಟಲೆ ಕೆಲಸ ಸಾಗಿಸಿಕೊಂಡು ಬಂದಿದ್ದರು.

ನಾನೂ ಮೊದಲ ಎರಡು ವಾರ ಅದನ್ನೇ ಮಾಡಿದೆ. ಮೇವನ್ ಇಳಿಸಿಕೊಂಡ ಲೈಬ್ರರಿಗಳ ಸಂಗ್ರಹ, ಅಂದರೆ ಲೋಕಲ್ ರೆಪಾಸಿಟರಿ, ಇರುವುದು ಡಾಟ್ ಎಂ2 ಫೋಲ್ಡರ್‌ನಲ್ಲಿ. ಅದನ್ನು ಅಳಿಸಿದರೆ ನೂರಾರು ಜಾರ್ ಕಡತಗಳು (ಜಾವಾ ಕ್ಲಾಸ್‌ಗಳ ಪೊಟ್ಟಣಗಳು) ಮತ್ತೆ ಇಳಿಯಬೇಕು. ಅರ್ಧ ದಿನ ಅದಕ್ಕೇ ಹೋಗುತ್ತಿತ್ತು. ಮೂರನೆಯ ಸಲ ಅಳಿಸಲು ಹೊರಟಾಗ, ಅಳಿಸುವುದರಿಂದ ಏನು ಸರಿಹೋಗುತ್ತಿದೆ ಎಂದು ಯಾರಿಗೂ ಗೊತ್ತಿಲ್ಲ ಎಂಬುದು ಹೊಳೆದು, ಅಲ್ಲಿಗೇ ನಿಲ್ಲಿಸಿ ಒಂದೊಂದಾಗಿ ಕಾರಣ ಹುಡುಕಲು ಕುಳಿತೆ.

ಮೊದಲು ತಿಳಿದದ್ದು ಇದು: ಎಕ್ಲಿಪ್ಸ್ ನಮ್ಮ ಟರ್ಮಿನಲ್‌ನ ಮೇವನ್ ಅನ್ನು ಕರೆದು ಬಿಲ್ಡ್ ಮಾಡುವುದಿಲ್ಲ. ಎಂ2ಇ ಎಂಬ ಪ್ಲಗಿನ್ ತನ್ನೊಳಗೇ ಇರುವ ಇನ್ನೊಂದು ಮೇವನ್‌ನಿಂದ, ಪ್ರಾಜೆಕ್ಟಿನ ಬಿಲ್ಡ್ ವಿವರಗಳಿರುವ ಪಾಮ್ ಕಡತವನ್ನು ಓದುತ್ತದೆ, ಅದರಲ್ಲಿರುವುದನ್ನು ಎಕ್ಲಿಪ್ಸ್‌ಗೆ ಅರ್ಥವಾಗುವ ಕ್ಲಾಸ್‌ಪಾತ್ (ಬೇಕಾದ ಕ್ಲಾಸ್‌ಗಳು ಎಲ್ಲೆಲ್ಲಿವೆ ಎಂಬ ಪಟ್ಟಿ) ಆಗಿ ಬದಲಿಸಿ ಕೊಡುತ್ತದೆ. ಕೋಡನ್ನು ಕಂಪೈಲ್ ಮಾಡುವುದು ಜಾವಾದ ಮಾಮೂಲಿ ಕಂಪೈಲರ್ ಜಾವಾಸಿ ಅಲ್ಲ, ಎಕ್ಲಿಪ್ಸ್‌ನದ್ದೇ ಆದ ಇಸಿಜೆ ಕಂಪೈಲರ್. ಅಂದರೆ ಒಂದೇ ಕೋಡಿಗೆ ಎರಡು ಬಿಲ್ಡ್‌ಗಳಿವೆ, ಎರಡೂ ಒಂದೇ ಟಾರ್ಗೆಟ್ ಫೋಲ್ಡರ್‌ಗೆ ಬರೆಯುತ್ತವೆ. ಇಷ್ಟು ಮನಸ್ಸಿನಲ್ಲಿ ಕೂತ ಮೇಲೆ ‘ಅಲ್ಲಿ ಸರಿ, ಇಲ್ಲಿ ತಪ್ಪು’ ಎಂಬುದು ವಿಚಿತ್ರವಾಗಿ ಕಾಣಲಿಲ್ಲ. ಎರಡರ ನಡುವೆ ಯಾವುದು ಬೇರೆಯಾಗಿದೆ ಎಂದು ಹುಡುಕುವುದಷ್ಟೇ ಉಳಿಯಿತು.

ಅತಿ ಹೆಚ್ಚು ಕಾಡಿದ್ದು ಡಿಪೆಂಡೆನ್ಸಿಗಳು (ಪ್ರಾಜೆಕ್ಟ್ ಅವಲಂಬಿಸಿರುವ ಲೈಬ್ರರಿಗಳು) ಇಳಿಯದಿರುವ ತೊಂದರೆ. ಪಾಮ್ ಕಡತಕ್ಕೆ ಹೊಸ ಡಿಪೆಂಡೆನ್ಸಿ ಸೇರಿಸಿ ಸೇವ್ ಮಾಡಿದರೆ ಎಕ್ಲಿಪ್ಸ್‌ನಲ್ಲಿ ‘ಮಿಸ್ಸಿಂಗ್ ಆರ್ಟಿಫ್ಯಾಕ್ಟ್’ ಎಂದು ಬರುತ್ತಿತ್ತು. ಟರ್ಮಿನಲ್‌ನಲ್ಲಿ ಒಮ್ಮೆ ಬಿಲ್ಡ್ ಮಾಡಿದರೆ ಜಾರ್ ಇಳಿಯುತ್ತಿತ್ತು, ಎರಡಕ್ಕೂ ಲೋಕಲ್ ರೆಪಾಸಿಟರಿ ಒಂದೇ ಆದ್ದರಿಂದ ಆಮೇಲೆ ಎಕ್ಲಿಪ್ಸ್‌ಗೂ ಅದು ಸಿಗುತ್ತಿತ್ತು. ಹಿರಿಯರ ಉಪಾಯ ಕೆಲಸ ಮಾಡುತ್ತಿದ್ದುದರ ಗುಟ್ಟು ಇದೇ. ಆದರೆ ದಿನವೂ ಬದಲಾಗುವ ಸ್ನ್ಯಾಪ್‌ಶಾಟ್ ಜಾರ್‌ಗಳ ವಿಷಯದಲ್ಲಿ ಈ ಉಪಾಯ ನಡೆಯುತ್ತಿರಲಿಲ್ಲ. ಎಕ್ಲಿಪ್ಸ್ ಹಳೆಯ ಸ್ನ್ಯಾಪ್‌ಶಾಟನ್ನೇ ಹಿಡಿದುಕೊಂಡು ಕೂರುತ್ತಿತ್ತು.

ಎರರ್ ಲಾಗ್ ವ್ಯೂ ತೆರೆದು ನೋಡಿದಾಗ ‘ಫೇಲ್ಯೂರ್ ಟು ಟ್ರಾನ್ಸ್‌ಫರ್’ ಎಂದು ಶುರುವಾಗಿ, ಈ ಸೋಲನ್ನು ಲೋಕಲ್ ರೆಪಾಸಿಟರಿಯಲ್ಲಿ ಬರೆದಿಟ್ಟುಕೊಂಡಿರುವುದರಿಂದ ಅವಧಿ ಮುಗಿಯುವವರೆಗೆ ಮತ್ತೆ ಪ್ರಯತ್ನಿಸುವುದಿಲ್ಲ ಎಂಬ ಉದ್ದನೆಯ ಸಂದೇಶವಿತ್ತು. ಈ ಸಂದೇಶ ಎಷ್ಟೋ ಜನರನ್ನು ದಾರಿ ತಪ್ಪಿಸುತ್ತದೆ, ಏಕೆಂದರೆ ಅದು ನಿಜವಾದ ಕಾರಣವಲ್ಲ, ಹಿಂದೆ ಆಗಿಹೋದ ಸೋಲಿನ ನೆನಪು ಮಾತ್ರ. ಲೋಕಲ್ ರೆಪಾಸಿಟರಿಯಲ್ಲಿ ಆ ಜಾರ್‌ನ ಫೋಲ್ಡರ್‌ಗೆ ಹೋದರೆ ‘ಲಾಸ್ಟ್‌ಅಪ್‌ಡೇಟೆಡ್’ ಎಂದು ಕೊನೆಗೊಳ್ಳುವ ಪುಟ್ಟ ಕಡತವಿರುತ್ತದೆ. ಆ ನೆನಪು ಇರುವುದು ಅದರಲ್ಲೇ. ಇಡೀ ಡಾಟ್ ಎಂ2 ಅಳಿಸುವ ಬದಲು ಅದೊಂದು ಕಡತ ಅಳಿಸಿದರೆ ಸಾಕು. ಇಲ್ಲವೇ ಅಪ್‌ಡೇಟ್ ಪ್ರಾಜೆಕ್ಟ್ ಡಯಲಾಗ್‌ನಲ್ಲಿ ‘ಫೋರ್ಸ್ ಅಪ್‌ಡೇಟ್ ಆಫ್ ಸ್ನ್ಯಾಪ್‌ಶಾಟ್ಸ್/ರಿಲೀಸಸ್’ ಎಂಬುದಕ್ಕೆ ಟಿಕ್ ಹಾಕಬೇಕು. ನಾನು ಟಿಕ್ ಹಾಕಿ ಓಡಿಸಿದೆ. ಆಗ ಅಸಲು ದೋಷ ಹೊರಗೆ ಬಂತು: ‘ಪಿಕೆಐಎಕ್ಸ್ ಪಾತ್ ಬಿಲ್ಡಿಂಗ್ ಫೇಲ್ಡ್’.

ಇದು ಸರ್ಟಿಫಿಕೇಟಿನ ತೊಂದರೆ. ಅನೇಕ ಕಂಪನಿಗಳಲ್ಲಿರುವಂತೆ ನಮ್ಮಲ್ಲೂ ಹೊರಗಿನ ಎಚ್‌ಟಿಟಿಪಿಎಸ್ ಸಂಪರ್ಕಗಳೆಲ್ಲ ಪ್ರಾಕ್ಸಿ ಎಂಬ ನಡುವಿನ ಸರ್ವರ್‌ನ ಮೂಲಕವೇ ಹೋಗುತ್ತವೆ, ಮತ್ತು ಪ್ರಾಕ್ಸಿ ಕಂಪನಿಯ ಸ್ವಂತ ರೂಟ್ ಸರ್ಟಿಫಿಕೇಟಿನಿಂದ ಸಹಿ ಮಾಡಿ ಮುಂದೆ ಕಳಿಸುತ್ತದೆ. ಒಳಗಿನ ರೆಪಾಸಿಟರಿ ಸರ್ವರ್‌ಗೂ ಅದೇ ಸಹಿ. ಜಾರ್‌ಗಳ ಸಾರ್ವಜನಿಕ ಭಂಡಾರವಾದ ಮೇವನ್ ಸೆಂಟ್ರಲ್ 2020ರ ಜನವರಿ 15ರಿಂದ ಬರೀ ಎಚ್‌ಟಿಟಿಪಿ ಸಂಪರ್ಕವನ್ನು ಒಪ್ಪುವುದನ್ನೇ ನಿಲ್ಲಿಸಿರುವುದರಿಂದ ಹಳೆಯ ಅಡ್ಡದಾರಿಯೂ ಈಗಿಲ್ಲ. ಆ ರೂಟ್ ಸರ್ಟಿಫಿಕೇಟನ್ನು ಜಾವಾ ನಂಬಬೇಕಾದರೆ ಅದು ಜಾವಾದ ‘ಸಿಎಸರ್ಟ್ಸ್’ ಎಂಬ ಕಡತದಲ್ಲಿರಬೇಕು. ಐಟಿ ವಿಭಾಗದವರು ಲ್ಯಾಪ್‌ಟಾಪ್ ಕೊಡುವಾಗಲೇ ಅದನ್ನು ಸೇರಿಸಿದ್ದರು. ಟರ್ಮಿನಲ್‌ನಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತಿದ್ದುದೇ ಅದಕ್ಕೆ ಸಾಕ್ಷಿ. ಹಾಗಿದ್ದರೆ ಎಕ್ಲಿಪ್ಸ್‌ಗೆ ಮಾತ್ರ ಏಕೆ ಇಲ್ಲ?

ಉತ್ತರ ಸಿಕ್ಕಿದ್ದು ಹೆಲ್ಪ್ ಮೆನುವಿನ ಅಬೌಟ್ ಎಕ್ಲಿಪ್ಸ್‌ನಲ್ಲಿ. ಅಲ್ಲಿ ಇನ್‌ಸ್ಟಾಲೇಶನ್ ಡೀಟೇಲ್ಸ್ ಒತ್ತಿ, ಕಾನ್ಫಿಗರೇಶನ್ ಟ್ಯಾಬ್‌ಗೆ ಹೋದರೆ ನೂರಾರು ಸಾಲುಗಳ ನಡುವೆ ‘ಜಾವಾ.ಹೋಮ್’ ಎಂಬ ಒಂದು ಸಾಲಿದೆ. ನನ್ನ ಗಣಕದಲ್ಲಿ ಅದು ನಾನು ಹಾಕಿಕೊಂಡಿದ್ದ ಜೆಡಿಕೆಯನ್ನು (ಕಂಪೈಲರ್ ಸಮೇತ ಬರುವ ಜಾವಾ) ತೋರಿಸುತ್ತಿರಲಿಲ್ಲ, ಎಕ್ಲಿಪ್ಸ್‌ನದ್ದೇ ಪ್ಲಗಿನ್ಸ್ ಫೋಲ್ಡರ್‌ನೊಳಗಿನ ‘ಜಸ್ಟ್‌ಜೆ’ ಎಂಬ ಜಾಗವನ್ನು ತೋರಿಸುತ್ತಿತ್ತು. 2020ರ ಸೆಪ್ಟೆಂಬರ್ ಆವೃತ್ತಿಯಿಂದ ಎಕ್ಲಿಪ್ಸ್ ಪ್ಯಾಕೇಜ್‌ಗಳ ಜೊತೆಯಲ್ಲೇ ಒಂದು ಜಾವಾ ಬರುತ್ತದೆ. ಆ ಜಾವಾಕ್ಕೆ ಅದರದ್ದೇ ಸಿಎಸರ್ಟ್ಸ್ ಕಡತವಿದೆ, ಅದರಲ್ಲಿ ನಮ್ಮ ಕಂಪನಿಯ ಸರ್ಟಿಫಿಕೇಟ್ ಇರಲಿಲ್ಲ.

ಅಂದು ನಾನು ಕಾಗದದ ಮೇಲೆ ಬರೆದುಕೊಂಡದ್ದು ಇಂದಿಗೂ ನನ್ನ ಮೇಜಿನ ಬಳಿ ಇದೆ: ಒಂದು ಗಣಕದಲ್ಲಿ ಮೂರು ಜಾವಾಗಳು. ಟರ್ಮಿನಲ್‌ನ ಮೇವನ್ ಬಳಸುವುದು ಗಣಕದ ಜಾವಾ ಹೋಮ್ ಎಂಬ ಸೆಟ್ಟಿಂಗ್ ಹೇಳುವ ಜೆಡಿಕೆ. ‘ಎಂವಿಎನ್ -ವರ್ಷನ್’ ಕೊಟ್ಟರೆ ಅದರ ಜಾಗ ತೋರಿಸುತ್ತದೆ. ಎಕ್ಲಿಪ್ಸ್ ಎಂಬ ತಂತ್ರಾಂಶ ತಾನೇ ಓಡುವುದು ಎರಡನೆಯ ಜಾವಾದ ಮೇಲೆ; ಎಂ2ಇ ಕೂಡ ಓಡುವುದು ಅದರ ಮೇಲೆಯೇ. ನಮ್ಮ ಕೋಡು ಯಾವ ಜಾವಾಕ್ಕೆ ಕಂಪೈಲ್ ಆಗಬೇಕು ಎಂಬುದು ಮೂರನೆಯದು. ಅದು ಇನ್‌ಸ್ಟಾಲ್ಡ್ ಜೆಆರ್‌ಇಸ್ ಪಟ್ಟಿಯಲ್ಲಿ ಇರುತ್ತದೆ. 2022ರ ಸೆಪ್ಟೆಂಬರ್ ಆವೃತ್ತಿಯಿಂದ ಎಕ್ಲಿಪ್ಸ್ ಓಡಲು ಕನಿಷ್ಠ ಜಾವಾ 17 ಬೇಕಿತ್ತು, ನಮ್ಮ ಪ್ರಾಜೆಕ್ಟ್ ಇರುವುದು ಜಾವಾ 11ರಲ್ಲಿ. ಆದ್ದರಿಂದ ಮೂರನ್ನೂ ಒಂದೇ ಮಾಡಿಬಿಡೋಣ ಎನ್ನುವ ಹಾಗೂ ಇಲ್ಲ.

ನಾನು ಮಾಡಿದ್ದು ಹೀಗೆ. ಜೆಡಿಕೆ 17 ಅನ್ನು ಬೇರೆಯಾಗಿ ಹಾಕಿಕೊಂಡು, ಜಾವಾದ ಜೊತೆ ಬರುವ ಕೀಟೂಲ್‌ನಿಂದ ಕಂಪನಿಯ ರೂಟ್ ಸರ್ಟಿಫಿಕೇಟನ್ನು ಅದರ ಸಿಎಸರ್ಟ್ಸ್‌ಗೆ ಸೇರಿಸಿ, ಎಕ್ಲಿಪ್ಸ್ ಅದರ ಮೇಲೆಯೇ ಓಡುವಂತೆ ಎಕ್ಲಿಪ್ಸ್.ಐಎನ್‌ಐ ಕಡತವನ್ನು ತಿದ್ದಿದೆ. ಅದರಲ್ಲಿ ‘-ವಿಎಂ’ ಎಂಬುದು ಒಂದು ಸಾಲಿನಲ್ಲಿ, ಜಾವಾ ಇರುವ ಜಾಗ ಅದರ ಮುಂದಿನ ಸಾಲಿನಲ್ಲಿ ಇರಬೇಕು, ಮತ್ತು ಈ ಎರಡೂ ‘-ವಿಎಂಆರ್ಗ್ಸ್’ ಸಾಲಿಗಿಂತ ಮೇಲೆ ಇರಬೇಕು. ನಾನು ಮೊದಲು ಎರಡನ್ನೂ ಒಂದೇ ಸಾಲಿನಲ್ಲಿ ಬರೆದಿದ್ದರಿಂದ ಏನೂ ಬದಲಾಗಲಿಲ್ಲ. ತಿದ್ದಿದ ಮೇಲೆ ಕಾನ್ಫಿಗರೇಶನ್ ಟ್ಯಾಬ್‌ನಲ್ಲಿ ‘ಜಾವಾ.ಹೋಮ್’ ಸಾಲನ್ನು ಮತ್ತೆ ನೋಡಿ ಖಚಿತಪಡಿಸಿಕೊಳ್ಳುವುದು ಅದಕ್ಕಾಗಿಯೇ ಅಗತ್ಯ. ಬಂಡಲ್ ಆಗಿ ಬಂದ ಜಾವಾದ ಸಿಎಸರ್ಟ್ಸ್‌ಗೇ ಸರ್ಟಿಫಿಕೇಟ್ ಸೇರಿಸಬಹುದಿತ್ತಲ್ಲ ಎಂದು ಗೆಳೆಯರೊಬ್ಬರು ಕೇಳಿದರು. ಸೇರಿಸಬಹುದು, ಆದರೆ ಎಕ್ಲಿಪ್ಸ್ ಅಪ್‌ಡೇಟ್ ಆದಾಗ ಆ ಪ್ಲಗಿನ್ ಫೋಲ್ಡರೇ ಬದಲಾಗಿ, ಸೇರಿಸಿದ್ದು ಹೊಸದರಲ್ಲಿ ಇರುವುದಿಲ್ಲ.

ಸರ್ಟಿಫಿಕೇಟ್ ಸರಿಹೋದರೂ ಕೆಂಪು ಗುರುತುಗಳು ಪೂರ್ತಿ ಹೋಗಲಿಲ್ಲ. ಉಳಿದ ದೋಷಗಳಲ್ಲಿ ಬಹುಪಾಲು ಒಂದೇ ಮಾಡ್ಯೂಲ್‌ನಿಂದ ಹುಟ್ಟುತ್ತಿದ್ದವು. ಆ ಮಾಡ್ಯೂಲ್‌ನಲ್ಲಿ, ಎಕ್ಸ್‌ಎಂಎಲ್‌ನ ರಚನೆ ಹೇಳುವ ಎಕ್ಸ್‌ಎಸ್‌ಡಿ ಕಡತಗಳಿಂದ ಜಾಕ್ಸ್‌ಬಿ ಪ್ಲಗಿನ್ ಜಾವಾ ಕ್ಲಾಸ್‌ಗಳನ್ನು ತಯಾರಿಸಿ ಟಾರ್ಗೆಟ್‌ನೊಳಗಿನ ಜನರೇಟೆಡ್-ಸೋರ್ಸಸ್ ಫೋಲ್ಡರ್‌ಗೆ ಹಾಕುತ್ತದೆ. ಟರ್ಮಿನಲ್‌ನಲ್ಲಿ ಮೇವನ್ ತನ್ನ ಹಂತಗಳನ್ನು ಕ್ರಮವಾಗಿ ನಡೆಸುವುದರಿಂದ ಇದು ತಾನಾಗಿ ಆಗುತ್ತದೆ. ಎಂ2ಇ ಹಾಗಲ್ಲ. 2011ರ ಇಂಡಿಗೋ ಆವೃತ್ತಿಯೊಂದಿಗೆ ಬಂದ ಎಂ2ಇ 1.0ರಿಂದ, ಪಾಮ್‌ನಲ್ಲಿರುವ ಪ್ರತಿಯೊಂದು ಪ್ಲಗಿನ್‌ನ ಕೆಲಸವನ್ನು ತಾನು ನಡೆಸಬೇಕೇ, ಬಿಡಬೇಕೇ ಎಂಬುದು ಸ್ಪಷ್ಟವಾಗಿ ಗೊತ್ತಿರಬೇಕು ಎಂಬ ನಿಯಮ ಬಂತು. ಗೊತ್ತಿಲ್ಲದಿದ್ದರೆ ‘ಪ್ಲಗಿನ್ ಎಕ್ಸಿಕ್ಯೂಶನ್ ನಾಟ್ ಕವರ್ಡ್ ಬೈ ಲೈಫ್‌ಸೈಕಲ್ ಕಾನ್ಫಿಗರೇಶನ್’ ಎಂಬ ದೋಷ. ಜಾವಾ ಜನರು ಈ ಸಾಲನ್ನು ಬೈದುಕೊಳ್ಳುವುದನ್ನು ಬೇಕಾದಷ್ಟು ಕೇಳಿದ್ದೇನೆ, ಆದರೆ ಈ ನಿಯಮ ನ್ಯಾಯವಾದದ್ದೇ ಎಂದು ನನ್ನ ಅಭಿಪ್ರಾಯ: ಒಂದು ಅಕ್ಷರ ತಿದ್ದಿ ಸೇವ್ ಮಾಡಿದಾಗಲೆಲ್ಲ ಪಾಮ್‌ನಲ್ಲಿರುವ ಎಲ್ಲ ಪ್ಲಗಿನ್‌ಗಳೂ ಓಡತೊಡಗಿದರೆ ಕೆಲಸ ಮಾಡಲು ಆಗುವುದಿಲ್ಲ.

ನಮ್ಮ ಪಾಮ್‌ನಲ್ಲಿ ಆ ದೋಷ ಕಾಣುತ್ತಿರಲಿಲ್ಲ, ತೊಂದರೆ ಇದ್ದದ್ದು ಅಲ್ಲಿಯೇ. ಹಿಂದೆ ಯಾರೋ ಕ್ವಿಕ್ ಫಿಕ್ಸ್ ತೋರಿಸಿದ ‘ಇಗ್ನೋರ್’ ಆಯ್ಕೆಯನ್ನು ಒತ್ತಿದ್ದರು. ಪಾಮ್‌ನ ಮೇಲಿನ ಕೆಂಪು ಗುರುತು ಹೋಯಿತು, ಆದರೆ ಎಕ್ಲಿಪ್ಸ್‌ನೊಳಗೆ ಜಾಕ್ಸ್‌ಬಿ ಕ್ಲಾಸ್‌ಗಳು ತಯಾರಾಗುವುದೂ ನಿಂತಿತು, ಅವುಗಳನ್ನು ಬಳಸುವ ಐದು ಮಾಡ್ಯೂಲ್‌ಗಳಲ್ಲಿ ‘ಕೆನಾಟ್ ಬಿ ರಿಸಾಲ್ವ್ಡ್’ ಎಂಬ ದೋಷಗಳು ಎದ್ದವು. ನಾನು ಪಾಮ್‌ನಲ್ಲಿ ಇಗ್ನೋರ್ ತೆಗೆದು ಎಕ್ಸಿಕ್ಯೂಟ್ ಎಂದು ಬರೆದು, ಪ್ರಾಜೆಕ್ಟ್ ಕಾನ್ಫಿಗರ್ ಆಗುವಾಗಲೂ ಓಡಬೇಕು ಎಂದು ‘ರನ್‌ಆನ್‌ಕಾನ್ಫಿಗರೇಶನ್’ ಸೇರಿಸಿದೆ. ಅಪ್‌ಡೇಟ್ ಪ್ರಾಜೆಕ್ಟ್ ಕೊಟ್ಟ ಮೇಲೆ ಜನರೇಟೆಡ್ ಫೋಲ್ಡರ್ ಸೋರ್ಸ್ ಫೋಲ್ಡರ್‌ಗಳ ಸಾಲಿಗೆ ಸೇರಿತು. ಐದೂ ಮಾಡ್ಯೂಲ್‌ಗಳ ಕೆಂಪು ಒಟ್ಟಿಗೇ ಅಳಿಯಿತು. ಒಂದು ಎಚ್ಚರಿಕೆ ಹೇಳಬೇಕು: ಈ ಲೈಫ್‌ಸೈಕಲ್-ಮ್ಯಾಪಿಂಗ್ ಎಂಬ ತುಣುಕು ಪಾಮ್‌ನ ಪ್ಲಗಿನ್‌ಮ್ಯಾನೇಜ್‌ಮೆಂಟ್ ಭಾಗದೊಳಗೇ ಇರಬೇಕು. ಆ ಹೆಸರಿನ ಪ್ಲಗಿನ್ ನಿಜವಾಗಿ ಎಲ್ಲಿಯೂ ಇಲ್ಲ, ಅದು ಎಂ2ಇ ಓದಿಕೊಳ್ಳಲು ಇಟ್ಟ ಗುರುತು ಅಷ್ಟೇ. ತಪ್ಪಿ ಪ್ಲಗಿನ್ಸ್ ಭಾಗದಲ್ಲಿ ಹಾಕಿದರೆ ಟರ್ಮಿನಲ್‌ನ ಮೇವನ್ ಅದನ್ನು ಇಳಿಸಲು ಹೋಗಿ ಬಿಲ್ಡ್ ಒಡೆಯುತ್ತದೆ.

ಎಲ್ಲಕ್ಕಿಂತ ನನ್ನನ್ನು ಗಾಬರಿಗೊಳಿಸಿದ ಘಟನೆ ಇನ್ನೊಂದು. ಒಂದು ಶುಕ್ರವಾರ ಟೆಸ್ಟಿಂಗ್ ತಂಡದವರು ಅವಸರದಲ್ಲಿ ಒಂದು ಜಾರ್ ಕೇಳಿದರು. ತಂಡಕ್ಕೆ ಬಿಲ್ಡ್ ಮಾಡಿಕೊಡುವ ಸಿಐ ಸರ್ವರ್ ಬಿಡುವಾಗಿರಲಿಲ್ಲವಾದ್ದರಿಂದ ನನ್ನ ಗಣಕದಲ್ಲೇ ‘ಎಂವಿಎನ್ ಪ್ಯಾಕೇಜ್’ ಕೊಟ್ಟು, ಬಿಲ್ಡ್ ಸಕ್ಸೆಸ್ ನೋಡಿ ಕಳಿಸಿದೆ. ಅರ್ಧ ಗಂಟೆಯಲ್ಲಿ ಅವರಿಂದ ಬಂದ ಲಾಗ್‌ನಲ್ಲಿ ‘ಜಾವಾ.ಲ್ಯಾಂಗ್.ಎರರ್: ಅನ್‌ರಿಸಾಲ್ವ್ಡ್ ಕಂಪೈಲೇಶನ್ ಪ್ರಾಬ್ಲಂ’ ಎಂದಿತ್ತು. ಕಂಪೈಲ್ ಆಗದ ಕೋಡು ಓಡುವ ಜಾರ್‌ನೊಳಗೆ ಹೇಗೆ ಹೋಯಿತು ಎಂದು ನನಗೆ ಅರ್ಥವೇ ಆಗಲಿಲ್ಲ.

ಕಾರಣ ಇಸಿಜೆಯ ಸ್ವಭಾವ. ಜಾವಾಸಿ ದೋಷ ಕಂಡರೆ ಕಂಪೈಲ್ ಮಾಡುವುದನ್ನು ಕೈಬಿಡುತ್ತದೆ. ಇಸಿಜೆ ಹಾಗೆ ಮಾಡದೆ ಕ್ಲಾಸ್ ಕಡತವನ್ನು ಬರೆದೇ ಬಿಡುತ್ತದೆ. ದೋಷವಿರುವ ಮೆಥಡ್‌ನ ಜಾಗದಲ್ಲಿ ಮಾತ್ರ ಮೇಲಿನ ಎರರ್ ಎಸೆಯುವ ಕೋಡನ್ನು ಇಡುತ್ತದೆ. ಎಕ್ಲಿಪ್ಸ್‌ನಲ್ಲಿ ದೋಷಗಳಿದ್ದರೂ ಒಂದು ಟೆಸ್ಟ್ ಮಾತ್ರ ಓಡಿಸಿ ನೋಡಲು ಇದು ಅನುಕೂಲ. ಆದರೆ ಆ ಕ್ಲಾಸ್ ಕಡತ ಮೇವನ್‌ನದ್ದೇ ಟಾರ್ಗೆಟ್ ಫೋಲ್ಡರ್‌ನಲ್ಲಿತ್ತು, ಸೋರ್ಸ್‌ಗಿಂತ ಹೊಸ ಸಮಯವಿತ್ತು. ಮೇವನ್ ಸಮಯ ನೋಡಿ ‘ನಥಿಂಗ್ ಟು ಕಂಪೈಲ್’ ಎಂದು ಮುಂದೆ ಹೋಗಿ, ಎಕ್ಲಿಪ್ಸ್ ಬರೆದ ಆ ಮುರುಕು ಕ್ಲಾಸನ್ನೇ ಜಾರ್‌ಗೆ ತುಂಬಿತು. ‘ಕ್ಲೀನ್’ ಎಂಬ ಪದ ಸೇರಿಸಿದ್ದರೆ ಇದು ಆಗುತ್ತಿರಲಿಲ್ಲ. ಆದರೆ ಎಕ್ಲಿಪ್ಸ್ ತೆರೆದೇ ಇದ್ದು ಬಿಲ್ಡ್ ಆಟೊಮ್ಯಾಟಿಕಲಿ ಚಾಲೂ ಇದ್ದರೆ, ಮೇವನ್ ಕ್ಲೀನ್ ಮಾಡಿದ ಮರುಕ್ಷಣವೇ ಅದು ಮತ್ತೆ ಬರೆಯಲು ಶುರುಮಾಡಬಹುದು.

ಆದ್ದರಿಂದ ಎಕ್ಲಿಪ್ಸ್ ಮತ್ತು ಮೇವನ್ ಎರಡಕ್ಕೂ ಬೇರೆ ಬೇರೆ ಫೋಲ್ಡರ್ ಕೊಡುವುದೇ ಸರಿ ಎಂದು ನಿರ್ಧರಿಸಿದೆ. ಎಂ2ಇ ಪಾಮ್ ಓದುವಾಗ ‘ಎಂ2ಇ.ವರ್ಷನ್’ ಎಂಬ ಪ್ರಾಪರ್ಟಿಯನ್ನು ಇಟ್ಟಿರುತ್ತದೆ. ಟರ್ಮಿನಲ್‌ನಲ್ಲಿ ಅದು ಇರುವುದಿಲ್ಲ. ಆ ಪ್ರಾಪರ್ಟಿ ಇದ್ದಾಗ ಮಾತ್ರ ಜಾರಿಗೆ ಬರುವ ಒಂದು ಪ್ರೊಫೈಲನ್ನು ಪೇರೆಂಟ್ ಪಾಮ್‌ನಲ್ಲಿ ಬರೆದು, ಅದರೊಳಗೆ ಬಿಲ್ಡ್ ಡೈರೆಕ್ಟರಿಯನ್ನು ‘ಟಾರ್ಗೆಟ್-ಎಕ್ಲಿಪ್ಸ್’ ಎಂದು ಬದಲಿಸಿದೆ. ಒಟ್ಟು ಹತ್ತು ಹನ್ನೆರಡು ಸಾಲು. ಎಕ್ಲಿಪ್ಸ್ ತೆರೆದಿಟ್ಟುಕೊಂಡೇ ಟರ್ಮಿನಲ್‌ನಲ್ಲಿ ಕ್ಲೀನ್ ಇನ್‌ಸ್ಟಾಲ್ ಕೊಟ್ಟರೂ ಈಗ ಒಂದರ ಕಡತ ಇನ್ನೊಂದು ಮುಟ್ಟುವುದಿಲ್ಲ.

ಉಳಿದವು ಚಿಕ್ಕವು. ಅಪ್‌ಡೇಟ್ ಪ್ರಾಜೆಕ್ಟ್ ಕೊಟ್ಟಾಗಲೆಲ್ಲ ಕೆಲವು ಮಾಡ್ಯೂಲ್‌ಗಳು ಜಾವಾ 1.5ಕ್ಕೆ ಹಿಂದಿರುಗುತ್ತಿದ್ದವು, ಪಾಮ್‌ನಲ್ಲಿ ಜಾವಾ ಆವೃತ್ತಿ ಬರೆದಿರದಿದ್ದರೆ ಕಂಪೈಲರ್ ಪ್ಲಗಿನ್‌ನ ಹಳೆಯ ಆವೃತ್ತಿಗಳು 1.5 ಎಂದೇ ಎಣಿಸುತ್ತವೆ, ಎಂ2ಇ ಅದನ್ನು ಹಾಗೆಯೇ ಒಪ್ಪಿಕೊಳ್ಳುತ್ತದೆ. ಎಕ್ಲಿಪ್ಸ್‌ನ ಪ್ರಾಪರ್ಟೀಸ್‌ನಲ್ಲಿ ಕೈಯಿಂದ 11 ಮಾಡುತ್ತಿದ್ದವರ ಶ್ರಮ ಅದಕ್ಕೇ ನಿಲ್ಲುತ್ತಿರಲಿಲ್ಲ. ಪೇರೆಂಟ್ ಪಾಮ್‌ನಲ್ಲಿ ‘ಮೇವನ್.ಕಂಪೈಲರ್.ರಿಲೀಸ್’ 11 ಎಂದು ಬರೆದ ಮೇಲೆ ಅದು ಮುಗಿಯಿತು. ಡಾಟ್ ಕ್ಲಾಸ್‌ಪಾತ್, ಡಾಟ್ ಪ್ರಾಜೆಕ್ಟ್ ಮತ್ತು ಡಾಟ್ ಸೆಟ್ಟಿಂಗ್ಸ್ ಗಿಟ್‌ನಲ್ಲಿ ಸೇರಿಕೊಂಡಿದ್ದವು. ಒಬ್ಬರ ಗಣಕದ ದಾರಿಗಳು ಇನ್ನೊಬ್ಬರಿಗೆ ಬಂದು ಬೀಳುತ್ತಿದ್ದವು. ಅವುಗಳನ್ನು ಗಿಟ್‌ನಿಂದ ತೆಗೆದು ಗಿಟ್‌ಇಗ್ನೋರ್‌ಗೆ ಸೇರಿಸಿದೆ, ಏಕೆಂದರೆ ಪಾಮ್ ಸರಿಯಾಗಿದ್ದರೆ ಎಂ2ಇ ಅವನ್ನು ತಾನೇ ಬರೆದುಕೊಳ್ಳುತ್ತದೆ.

ಈ ಬದಲಾವಣೆಗಳನ್ನು ಸೇರಿಸಿದ ಮರುವಾರ ತಂಡಕ್ಕೆ ಹೊಸಬರೊಬ್ಬರು ಬಂದರು. ಎಕ್ಲಿಪ್ಸ್.ಐಎನ್‌ಐನ ಆ ಎರಡು ಸಾಲನ್ನು ಅವರಿಗೆ ತೋರಿಸಿಕೊಟ್ಟು, ಅವರ ಪಕ್ಕದಲ್ಲೇ ಕುಳಿತು ಇಂಪೋರ್ಟ್ ಮಾಡಿಸಿದೆ. 14 ಮಾಡ್ಯೂಲ್‌ಗಳಲ್ಲಿ 13 ಶುದ್ಧವಾಗಿ ತೆರೆದುಕೊಂಡವು. ಕೊನೆಯದರಲ್ಲಿ ಗೆಟರ್‌ಗಳು ಸಿಗುತ್ತಿಲ್ಲ ಎಂಬ ದೋಷ ಉಳಿದಿತ್ತು: ಆ ಮಾಡ್ಯೂಲ್, ಗೆಟರ್‌ನಂಥ ಮಾಮೂಲಿ ಮೆಥಡ್‌ಗಳನ್ನು ತಾನೇ ಸೇರಿಸುವ ಲೊಂಬೊಕ್ ಎಂಬ ಲೈಬ್ರರಿ ಬಳಸುತ್ತದೆ, ಅವರ ಎಕ್ಲಿಪ್ಸ್‌ಗೆ ಲೊಂಬೊಕ್ ಹಾಕಿರಲಿಲ್ಲ. ಲೊಂಬೊಕ್ ಜಾರನ್ನು ಓಡಿಸಿ, ಎಕ್ಲಿಪ್ಸ್ ಇರುವ ಜಾಗ ತೋರಿಸಿ, ಅದು ಎಕ್ಲಿಪ್ಸ್.ಐಎನ್‌ಐಗೆ ಜಾವಾಏಜೆಂಟ್ ಸಾಲು ಸೇರಿಸಿದ್ದನ್ನು ಕಣ್ಣಾರೆ ನೋಡಿ, ಎಕ್ಲಿಪ್ಸ್ ಮುಚ್ಚಿ ತೆರೆದೆವು. ಪ್ರಾಬ್ಲಮ್ಸ್ ವ್ಯೂನಲ್ಲಿ ‘0 ಎರರ್ಸ್’ ಎಂದು ಬಂದದ್ದನ್ನು ಆ ತಂಡದಲ್ಲಿ ನಾನು ನೋಡಿದ್ದು ಅದೇ ಮೊದಲು.